ಸುಂದರಮ್ಮನ ಪರಾತ

ಮೊನ್ನೆ ಮಸ್ಕಿಯ ಸಂತೆಯಲ್ಲಿ ಪಾತ್ರೆ ಮಾರುವವನೊಬ್ಬ ಹಿತ್ತಾಳೆಯ ಪರಾತವನ್ನು ಬೆರಳ ಗೆಣ್ಣಿನಿಂದ ಬಾರಿಸಿ ಗಿರಾಕಿಗೆ ಕೇಳಿಸುತ್ತಿದ್ದ. ಪರಾತವೆಂದರೆ ನಮ್ಮ ಕಡೆ ಜೋಳದ ಹಿಟ್ಟು ನಾದುವ ಅಗಲವಾದ, ಅಂಚಿರುವ ತಟ್ಟೆ. ಅದು ಟಣ್ ಎಂದದ್ದು ಮಸ್ಕಿಯಲ್ಲಿ, ನನಗೆ ಕೇಳಿಸಿದ್ದು ಇಪ್ಪತ್ತು ವರ್ಷ ಹಿಂದಿನ ನಮ್ಮೂರು ವಳಕಮದಿನ್ನಿಯಲ್ಲಿ. ನಾನು ಹಿಡಿಯಬೇಕಿದ್ದ ಲಿಂಗಸುಗೂರಿನ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಹೋಗಲಿ ಎಂದುಕೊಂಡು ಪರಾತವನ್ನು ಕೊಂಡುಬಿಟ್ಟೆ.

ನಿಮಗೆ ಮೊದಲೇ ಹೇಳಿಬಿಡುತ್ತೇನೆ, ನನ್ನ ನೆನಪನ್ನು ಪೂರ್ತಿ ನಂಬಬೇಡಿ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಆಧಾರವಿಲ್ಲದ ಮಾತನ್ನು ನಂಬಬಾರದೆಂದು ಮಕ್ಕಳಿಗೆ ದಿನವೂ ಹೇಳುತ್ತೇನೆ. ನನ್ನ ಕಥೆಗಳನ್ನು ಮಾತ್ರ ನಾನು ಒಮ್ಮೆಯೂ ಹಾಗೆ ಪರೀಕ್ಷಿಸಿದವನಲ್ಲ. ಈ ಪರಾತದ ಕಥೆಯನ್ನಂತೂ ಅಧ್ಯಾಪಕರ ಕೋಣೆಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಹೇಳಿದಾಗಲೆಲ್ಲ ಅದರಲ್ಲಿ ನಾನು ಇನ್ನಷ್ಟು ಜಾಣನಾಗುತ್ತ ಬಂದಿದ್ದೇನೆ.

ಆಗ ನಾನು ಎಂ.ಎ. ಪರೀಕ್ಷೆ ಬರೆದು ಊರಿಗೆ ಬಂದಿದ್ದೆ. ಫಲಿತಾಂಶ ಬಂದಿರಲಿಲ್ಲ, ಅಹಂಕಾರ ಬಂದಿತ್ತು. ನಮ್ಮ ಮನೆಗೆ ಗೋಡೆ ಹಂಚಿಕೊಂಡ ಮನೆ ಇಸ್ರಾಯೇಲಪ್ಪನದು. ಗೋಡೆ ಕಟ್ಟುವ ಗೌಂಡಿ ಕೆಲಸದವನು, ಸಿಟ್ಟಿಗೆ ಹೆಸರಾದವನು. ಗಾರೆ ಮೆತ್ತುವ ಕರಣಿ ಎಸೆದು ಬೈಯಲು ಶುರುಮಾಡಿದರೆ ಕಾಲುವೆಯ ಆಚೆ ದಂಡೆಯಲ್ಲಿದ್ದ ಎಮ್ಮೆಗಳೂ ತಲೆ ಎತ್ತುತ್ತಿದ್ದವು. ಅವನು ಒಂದು ಭಾನುವಾರ ಊರಿನ ಚರ್ಚಾಗಿದ್ದ ತಗಡಿನ ಶೆಡ್ಡಿನಲ್ಲಿ ಪ್ರಾರ್ಥನೆ ಮುಗಿಸಿ ಬಂದವನೇ ಕಟ್ಟೆಯ ಮೇಲೆ ಕುಳಿತು, ನೀರು ಕೇಳುವಷ್ಟು ಸಹಜವಾಗಿ ಹೇಳಿದ:

"ನನ್ನೊಳಗ ಪಾಪ ಮುಗದೈತಿ. ಈಗ ಇಲ್ಲಿ ಇರಾಂವ ಇಸ್ರಾಯೇಲಪ್ಪ ಅಲ್ಲ, ಯೇಸುಸ್ವಾಮಿ. ಅಂವಗೂ ನನಗೂ ನಡುವ ಈಗ ಗ್ವಾಡಿ ಇಲ್ಲ."

ಪರಿಶುದ್ಧರಾಗಿರಿ ಎಂದು ವಾರವಾರವೂ ಹೇಳುತ್ತಿದ್ದ ಪಾಸ್ಟರೇ ಇದನ್ನು ಕೇಳಿ ಗಾಬರಿಯಾದರು. "ಇಷ್ಟ್ ಜಲ್ದಿ ಅಲ್ಲಪಾ" ಎಂದರು. ಟ್ರ್ಯಾಕ್ಟರ್ ರಿಪೇರಿಯ ಹುಸೇನಸಾಬ್ ಮಾತ್ರ ಗಾಬರಿಯಾಗಲಿಲ್ಲ.

"ಅರೆ ದೇವ್ರೇ, ನೀವು ಕಟ್ಟಿದ ನಮ್ಮ ಗ್ವಾಡಿ ಬಿರುಕು ಬಿಟ್ಟೈತಲ್ರೀ?"

"ಅದು ಪಾಪದ ದಿನದಾಗ ಕಟ್ಟಿದ್ದು," ಎಂದ ಇಸ್ರಾಯೇಲಪ್ಪ. ಮರುದಿನವೇ ಹೋಗಿ ಆ ಗೋಡೆಯನ್ನು ಕೆಡವಿ ಹೊಸದಾಗಿ ಕಟ್ಟಿಕೊಟ್ಟ. ಕೂಲಿ ಮುಟ್ಟಲಿಲ್ಲ. ಹುಸೇನಸಾಬ್ ಗಡ್ಡ ಕೆರೆದುಕೊಂಡು, "ಇಂಥಾ ದೇವ್ರು ಊರಿಗೆ ನಾಕು ಮಂದಿ ಬೇಕು ನೋಡಪಾ" ಎಂದ.

ಊರಿಗೆ ಇದು ಹಬ್ಬವಾಯಿತು. ಅವನಿಗೆ ಸಿಟ್ಟು ತರಿಸುವುದೇ ಎಲ್ಲರ ಕೆಲಸ. ಒಬ್ಬ ಗೋಡೆಯ ನೇರ ನೋಡುವ ಅವನ ಗುಂಡುದಾರ ಬಚ್ಚಿಟ್ಟ, ಇನ್ನೊಬ್ಬ ಅವನು ಕಲಸಿದ ಸಿಮೆಂಟಿನಲ್ಲಿ ಸೈಕಲ್ ಓಡಿಸಿದ. ಇಸ್ರಾಯೇಲಪ್ಪ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿ ಮತ್ತೆ ಕಲಸುತ್ತಿದ್ದ. ನಾನೂ ಕಟ್ಟೆಯ ಮೇಲೆ ನಾಲ್ಕು ಜನರೆದುರು ವಾದಕ್ಕೆ ಕುಳಿತೆ.

"ಮಾಮಾ, ದೇವರಾದವಗ ಸಿಟ್ಟು ಬರಬಾರದಲ್ಲ?"

"ಬರಂಗಿಲ್ಲ."

"ಬಂದ್ರ?"

ಅವನು ಉಗುರಿಗಂಟಿದ ಸಿಮೆಂಟು ಕೆರೆದುಕೊಂಡ. "ಬಂದ್ರ ನಾ ಬರೇ ಇಸ್ರಾಯೇಲಪ್ಪ. ನೀನ ಗೆದ್ದಿ."

ನಗುತ್ತ ಹೇಳಿದನಾದರೂ ಅವನ ದನಿಯಲ್ಲಿ ಹೆದರಿಕೆಯಿತ್ತು. ಅವನಿಗೆ ಅದು ಆಟವಾಗಿರಲಿಲ್ಲ. ನಲವತ್ತು ವರ್ಷ ಸಿಟ್ಟಿನಲ್ಲೇ ಬದುಕಿದವನಿಗೆ ಆ ಹತ್ತು ಹದಿನೈದು ದಿನ ಮೊದಲ ಸಲ ಮೈ ಹಗುರಾಗಿತ್ತು. ಇದು ಈಗ ತಿಳಿಯುತ್ತದೆ. ಆಗ ನನಗೆ ಗೆಲ್ಲುವುದಷ್ಟೇ ಕಾಣುತ್ತಿತ್ತು.

ನಾಟಿಯ ದಿನಗಳು. ಹೆಂಗಸರು ಗಂಡಸರೆಲ್ಲ ಮೊಣಕಾಲ ತನಕ ಕೆಸರು ಮೆತ್ತಿಕೊಂಡು ಗದ್ದೆಯಿಂದ ಬರುತ್ತಿದ್ದರು. ಯೇಸುಸ್ವಾಮಿ ತನ್ನ ಶಿಷ್ಯರ ಕಾಲು ತೊಳೆದನಲ್ಲ, ತಾನೂ ಊರವರ ಕಾಲು ತೊಳೆಯಬೇಕೆಂದು ಇಸ್ರಾಯೇಲಪ್ಪನಿಗೆ ಅನ್ನಿಸಿತು. ಚರ್ಚಿನಲ್ಲಿ ಕಾಲು ತೊಳೆಯುವುದು ಶುಭ ಶುಕ್ರವಾರದ ವಾರದಲ್ಲಿ, ಅದು ಬರಲು ಇನ್ನೂ ಏಳೆಂಟು ತಿಂಗಳಿತ್ತು. ದೇವರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಎರಡು ಕಾಲು ಹಿಡಿಸುವ ಅಗಲದ ಪಾತ್ರೆಗಾಗಿ ಅಡುಗೆಮನೆಯಲ್ಲಿ ಹುಡುಕಿದ. ಹೆಂಡತಿ ಸುಂದರಮ್ಮ ತವರಿನಿಂದ ತಂದ ಪರಾತ ಸಿಕ್ಕಿತು. ಸಂಜೆ ಬಿಸಿಲಿನಲ್ಲಿ ಮನೆ ಮುಂದೆ ಮಣೆ ಹಾಕಿ, ಪರಾತಕ್ಕೆ ನೀರು ತುಂಬಿ, ಟವೆಲ್ ಸೊಂಟಕ್ಕೆ ಕಟ್ಟಿ ಕುಳಿತ.

ಒಬ್ಬರೂ ಬರಲಿಲ್ಲ. ನಮ್ಮಲ್ಲಿ ಹಿರಿಯರು ಕಿರಿಯರ ಕಾಲು ಮುಟ್ಟಿದರೆ ಕಿರಿಯರ ಆಯುಷ್ಯ ಕಡಿಮೆಯಾಗುತ್ತದೆಯಲ್ಲವೇ? ಹುಡುಗಿಯರು "ಯವ್ವಾ, ದೇವ್ರು ಕಾಲು ಹಿಡ್ಯಾಕ ಬಂದಾನ" ಎಂದು ನಕ್ಕು ಓಡಿದರು. ಕೊನೆಗೆ ಹುಸೇನಸಾಬ್ ಬಂದು ಕುಳಿತ. ನನ್ನನ್ನೂ ಕರೆದರು. ನಾನು ಕೈಕಟ್ಟಿ ನಿಂತು, "ಇದರಿಂದ ಏನೂ ಸಾಬೀತಾಗುವುದಿಲ್ಲ" ಎಂದು ಖಂಡಿತವಾಗಿ ನಿರಾಕರಿಸಿದೆ. ಇದು ನಾನು ಹೇಳುತ್ತ ಬಂದ ಕಥೆ.

ಹುಸೇನಸಾಬನ ಹಿಂದೆ ಒಬ್ಬೊಬ್ಬರೇ ಬರತೊಡಗಿದರು. ಅಷ್ಟರಲ್ಲಿ ಸುಂದರಮ್ಮ ಗದ್ದೆಯಿಂದ ಬಂದಳು. ಸೀರೆ ಮೇಲೆ ಕಟ್ಟಿದ್ದಳು, ಕಾಲತುಂಬ ಕೆಸರು. ಪರಾತ ನೋಡಿದಳು.

"ರೊಟ್ಟಿ ಹಿಟ್ಟು ನಾದೂ ಪರಾತದಾಗ ಊರ ಮಂದಿ ಕಾಲು! ದೇವ್ರಾದ್ರ ಬುದ್ಧಿ ಎಲ್ಲಿ ಇಟ್ಟು ಬರ್ತಾರೋ? ನಾಳಿಗೆ ರೊಟ್ಟಿ ಬೇಕಲ್ಲ ನಿಮ್ಮ ಸ್ವಾಮಿಗೆ?"

"ಬಾಯಿ ಮುಚ್ಚಿ ಒಳಗ ಹೋಗಬೇ!"

ಆ ಹಳೆಯ ದನಿ. ಆಚೆ ದಂಡೆಯ ಎಮ್ಮೆಗಳು ತಲೆ ಎತ್ತಿರಬೇಕು. ಇಸ್ರಾಯೇಲಪ್ಪನ ಕೈಯಲ್ಲಿ ಹುಣಸಿಗಿಡದ ಕೆಳಗಿನ ಮನೆಯ ಲಕ್ಕಮ್ಮಜ್ಜಿಯ ಪಾದವಿತ್ತು. ಅದನ್ನು ಮೆಲ್ಲಗೆ ಒರೆಸಿ ಕೆಳಗಿಟ್ಟು ತಲೆ ತಗ್ಗಿಸಿದ. ನನಗೆ ಗೆದ್ದೆನೆಂದು ಕೂಗುವ ಅವಕಾಶವಿತ್ತು. ಕೂಗಿದೆನೋ ಇಲ್ಲವೋ, ಆಣೆಯಿಟ್ಟು ಹೇಳಲಾರೆ.

ಸುಂದರಮ್ಮ ಗಂಡನ ತಗ್ಗಿದ ತಲೆಯನ್ನು ನೋಡಿದಳು. ಅಜ್ಜಿಯನ್ನು ಎಬ್ಬಿಸಿದಳು, ಮಣೆಯ ಮೇಲೆ ತಾನು ಕುಳಿತಳು, ಎರಡೂ ಕೆಸರುಗಾಲನ್ನು ತನ್ನ ಪರಾತದೊಳಗೆ ಇಟ್ಟಳು.

"ಹೊಲಸಾಗೋದು ಆಗೈತಿ. ತೊಳಿ. ಊರ ಮಂದೀದೆಲ್ಲ ತೊಳದಿ, ನನ್ನ ಕಾಲು ಎಲ್ಲಿ ಅದಾವ ಅಂತ ನೋಡೀಯೇನು?"

ಅವನು ತೊಳೆದ. ಬೆರಳ ಸಂದಿಯ ಕೆಸರು ತೆಗೆಯುವಾಗ ಅವಳಿಗೆ ಕಚಗುಳಿಯಾಗಿ ಕಾಲು ಝಾಡಿಸಿದಳು. ಕೆಸರು ನೀರೆಲ್ಲ ದೇವರ ಮುಖದ ಮೇಲೆ. ಮೊದಲು ನಕ್ಕವಳು ಅವಳು, ಆಮೇಲೆ ಅವನು, ಆಮೇಲೆ ಓಣಿಗೆ ಓಣಿಯೇ. ನೋಡಲು ಬಂದಿದ್ದ ಪಾಸ್ಟರು ಕೂಡ ಬಿದ್ದು ಬಿದ್ದು ನಕ್ಕರು.

ಮಾರನೆಯ ದಿನ ನಾನು ಕೆಣಕಿದೆ, "ಏನ್ ಮಾಮಾ, ದೇವರು ಹೋದನೇನು?" ಅವನು ಗಿಲಾವ್, ಅಂದರೆ ಮೇಲಿನ ಸಿಮೆಂಟು ಗಾರೆ, ಹಚ್ಚಿದ ಹೊಸ ಗೋಡೆಯೊಂದಕ್ಕೆ ಕೊಡದಿಂದ ನೀರು ಹೊಡೆಯುತ್ತಿದ್ದ. "ಎಲ್ಲಿ ಹೋಗ್ತಾನ? ನನ್ನ ಗಿಲಾವ್ ಇನ್ನಾ ಹಸಿ ಐತಿ. ನಾ ಒಣಗೈತಿ ಅಂತ ತಿಳಕೊಂಡಿದ್ದೆ. ಹಸಿ ಗ್ವಾಡಿಗೆ ದಿನಾ ನೀರು ಹೊಡೀಬೇಕು, ಇಲ್ಲಂದ್ರ ಬಿರುಕು ಬಿಡ್ತೈತಿ" ಎಂದ.

ಸರಿ, ಮೊನ್ನೆ ಕೊಂಡ ಪರಾತವನ್ನು ಕಂಕುಳಲ್ಲಿಟ್ಟುಕೊಂಡು ಮಸ್ಕಿಯಿಂದ ಸಿಂಧನೂರಿಗೆ, ಅಲ್ಲಿಂದ ಆಟೋದಲ್ಲಿ ವಳಕಮದಿನ್ನಿಗೆ ಹೋದೆ. ನಮ್ಮ ಮನೆ ಮಾರಿ ಬಹಳ ದಿನವಾಯಿತು, ಪಕ್ಕದ ಮನೆ ಹಾಗೇ ಇದೆ. ಇಸ್ರಾಯೇಲಪ್ಪ ತಲೆ ಬೆಳ್ಳಗಾಗಿ ಕಟ್ಟೆಯ ಮೇಲೆ ಮೊಮ್ಮಗಳ ಜಡೆ ಹೆಣೆಯುತ್ತಿದ್ದ. ಸುಂದರಮ್ಮ ಬಂದವರಿಗೆ ಕೊಡುವಂತೆ ಕಾಲಿಗೆ ನೀರಿನ ತಂಬಿಗೆ ತಂದಳು. ಬೂಟು ಹಾಕಿದವರು ಮಾಡುವಂತೆ ನಾನು "ಇರಲಿ ಅತ್ತಿ" ಎಂದೆ. ಪರಾತ ಕೊಟ್ಟು, ನೆನಪಿದೆಯಾ ಎಂದು ಕಥೆ ಶುರುಮಾಡಿದೆ. ಹುಸೇನಸಾಬ್ ಮೊದಲು ಕುಳಿತದ್ದು, ನಾನು ಕೈಕಟ್ಟಿ ನಿಂತದ್ದು ಎಲ್ಲ ಹೇಳಿದೆ.

"ಸುಳ್ಳು ಹೇಳಬ್ಯಾಡಲೇ," ಎಂದಳು ಸುಂದರಮ್ಮ. "ಮೊದಲ ಕುಂತಾಂವ ನೀನ."

"ನಾನಾ?"

"ಮತ್ತ್ಯಾರು? ಯಾರೂ ಬರವಲ್ರು, ಇಂವ ಮಾರಿ ಸಣ್ಣದು ಮಾಡಿ ಕುಂತಾನ, ನೀ ಹೋಗಿ ಕಾಲಿಟ್ಟಿ. ನಿಮ್ಮವ್ವ ನನಗ ಅವತ್ತ ಹೇಳ್ಯಾಳ. ಎಡಗಾಲ ಹೆಬ್ಬಟ್ಟಿಗೆ ಗಾಜು ಚುಚ್ಚಿತ್ತಲ್ಲ ನಿನಗ? ಇಂವ ಅರಿವಿ ಹರದು ಕಟ್ಟಿದ್ದ."

ಆ ಬೆರಳಿನ ಮೇಲೊಂದು ಕಲೆ ಇದೆ, ಅದು ಹಾಸ್ಟೆಲಿನ ಕಬ್ಬಿಣದ ಮಂಚ ತಾಗಿ ಆದದ್ದೆಂದು ನಾನು ತಿಳಿದಿದ್ದೆ. ಕಟ್ಟೆಯ ಮೇಲೆ ಕುಳಿತು ಬೂಟು ಬಿಚ್ಚಿದೆ, ಕಾಲುಚೀಲ ತೆಗೆದೆ. ಕಲೆ ಇತ್ತು, ಆದರೆ ಯಾರ ಮಾತು ನಿಜವೆಂದು ಕಲೆ ಹೇಳುವುದಿಲ್ಲ. ಇತಿಹಾಸದ ಮೇಷ್ಟ್ರಿಗೆ ಅದು ಸಾಕಾಗುವ ಆಧಾರವಲ್ಲ. ಆದರೂ ಪರಾತದಲ್ಲಿ ಕಾಲಿಟ್ಟ ಆ ಹುಡುಗನ ಮೇಲೆ, ಇಷ್ಟು ವರ್ಷ ನನ್ನ ಕಥೆಯಿಂದ ನಾನೇ ಅಳಿಸುತ್ತ ಬಂದವನ ಮೇಲೆ, ನನಗೆ ಮೊದಲ ಸಲ ಪ್ರೀತಿ ಬಂತು.

"ಮಾಮಾ, ಗಿಲಾವ್ ಒಣಗೈತೇನು?" ಎಂದೆ.

"ಎಲ್ಲೀದಪಾ. ನಿನ್ನೇನ ಈಕಿ ಮ್ಯಾಲ ಒದರೀನಿ."

"ಆಮ್ಯಾಲ ಚಾ ಮಾಡಿ ಕೊಟ್ಟಾನ, ಸಕ್ರಿ ಮರತು," ಎಂದಳು ಸುಂದರಮ್ಮ. ಹೊಸ ಪರಾತವನ್ನು ಗೆಣ್ಣಿನಿಂದ ಬಾರಿಸಿ ನೋಡಿದಳು. "ಚಲೋ ಐತಿ. ಇದನ್ನ ದೇವ್ರ ಕೈಗೆ ಸಿಗದಂಗ ಇಡ್ತೀನಿ" ಎಂದು ಒಳಗೆ ಹೋದಳು.

ಇಸ್ರಾಯೇಲಪ್ಪ ಮೊಮ್ಮಗಳ ಜಡೆಯನ್ನು ಅರ್ಧಕ್ಕೆ ಬಿಟ್ಟು, ತಂಬಿಗೆ ಎತ್ತಿಕೊಂಡು ನನ್ನೆದುರು ಕುಕ್ಕರುಗಾಲಲ್ಲಿ ಕುಳಿತ. ನೀರು ತಣ್ಣಗಿತ್ತು. ನನ್ನ ಹಿಮ್ಮಡಿ ಹಿಡಿದ ಅವನ ಅಂಗೈ ಸಿಮೆಂಟಿಗೆ ಸವೆದು ಒರಟಾಗಿತ್ತು.

"ಇನ್ನೊಂದು," ಎಂದ.

ಇನ್ನೊಂದು ಕಾಲನ್ನೂ ಚಾಚಿದೆ.