ಮುಂಬೈಯ ಸಿಗ್ನಲ್, ವಿಜಯಪುರದ ಲೈಸೆನ್ಸ್

ಮಾಟುಂಗ ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಕುಳಿತಿದ್ದವರು ವಿಜಯಪುರ ಕಡೆಯಿಂದ ಬಂದು ಮುಂಬೈಯಲ್ಲಿ ಟ್ಯಾಕ್ಸಿ ಓಡಿಸುವ ಶಿವಪ್ಪ. ಊರಲ್ಲಿ ಮಗಳು ಓದುವ ಶಾಲೆಯ ಬಸ್ಸು ಓಡಿಸುವ ಕೆಲಸ ಸಿಕ್ಕಿತ್ತಂತೆ; ಈಗ ಕೈತಪ್ಪಿದೆ.

"ಲೈಸೆನ್ಸ್ ವಿಜಯಪುರದ್ದು ಖರೆ. ಆದ್ರ ಇಲ್ಲಿ ಸಿಗ್ನಲ್ ಹಾರಿದ್ದಕ್ಕ ಮೂರು ತಿಂಗಳು ಸಸ್ಪೆಂಡ್ ಆತ್ರಿ. ಶಾಲಿಯವರು ಊರಾಗ ಕಂಪ್ಯೂಟರ್ ತೆಗದು ನೋಡಿದ್ರ ಅಲ್ಲೂ ಅದ ಕಾಣಸ್ತೈತಿ."

"ಯಾಕೆ ಹಾರಿದಿರಿ?"

"ಹಿಂದ ಕುಂತ ಪ್ಯಾಸೆಂಜರ್ ಅಳಾಕತ್ತಿದ್ರು. ಅವರಪ್ಪ ತೀರಿಕೊಂಡಿದ್ರಂತ. ವಿಮಾನ ತಪ್ಪಬಾರದಂತ ಜೋರಾಗಿ ಓಡಿಸಿದೆ."

"ವಿಮಾನ ಸಿಕ್ಕಿತೆ?"

"ಗೊತ್ತಿಲ್ರಿ. ಇಳದವರು ತಿರುಗಿ ನೋಡದ ಓಡಿದ್ರು."

ಅಷ್ಟರಲ್ಲಿ ಮಗಳ ಫೋನು ಬಂತು. ಬಸ್ಸು ಓಡಿಸಲು ಯಾವತ್ತಿನಿಂದ ಬರುತ್ತೀಯೆಂದು ಕೇಳುತ್ತಿದ್ದಳು.

"ಬ್ಯಾರೆಯವರು ಓಡಸ್ತಾರವ್ವ," ಎಂದರು ಶಿವಪ್ಪ. "ಹತ್ತುವಾಗ ಅವರಿಗೆ ನಮಸ್ಕಾರ ಅನ್ನು."