ತಮ್ಮ ಮುಟ್ಟದ ಬ್ರೇಕು

ರೇಸ್ ಟ್ರ್ಯಾಕಿನಲ್ಲಿ ಮೂರನೇ ಸಲವೂ ನನ್ನ ಬೈಕು ಕೆಂಪು ಗೆರೆ ದಾಟಿಯೇ ನಿಂತಿತು. ಕೊಯಮತ್ತೂರಿನಲ್ಲಿ ನಮಗೆ ಸುರಕ್ಷಿತವಾಗಿ ಬೈಕ್ ಓಡಿಸುವುದನ್ನು ಕಲಿಸುತ್ತಿದ್ದ ತರಬೇತುದಾರರು ಹುಬ್ಬಳ್ಳಿಯವರು. ಹತ್ತಿರ ಬಂದು, “ಬರೇ ಹಿಂದಿನ ಬ್ರೇಕ್ ತುಳಿಯಾಕತ್ತೀರಿ. ಗಾಡಿ ನಿಲ್ಲಸೂದು ಮುಂದಿನ ಬ್ರೇಕ್ ರೀ. ನಿಂಬಿಹಣ್ಣು ಹಿಂಡಿದಂಗ ನಿಧಾನಕ ಹಿಡೀರಿ” ಎಂದರು.

ಹಾಗೆಯೇ ಹಿಡಿದೆ. ಗೆರೆ ಇನ್ನೂ ನಾಲ್ಕು ಮಾರು ದೂರ ಇರುವಾಗಲೇ ಬೈಕು ನಿಂತಿತು. ಜೊತೆಯವರು ಚಪ್ಪಾಳೆ ತಟ್ಟಿದರು. ನಾನು ಹೆಲ್ಮೆಟ್ ತೆಗೆಯಲಿಲ್ಲ, ಮುಖ ತೋರಿಸುವ ಹಾಗಿರಲಿಲ್ಲ.

“ಮುಂದಿನ ಬ್ರೇಕ್ ಮುಟ್ಟಬ್ಯಾಡ, ಪಲ್ಟಿ ಹೊಡೀತಿ.” ನಮ್ಮ ಕಡೆ ಎಲ್ಲರೂ ಹೇಳುವ ಈ ಮಾತನ್ನು ತಮ್ಮನಿಗೆ ಗಾಡಿ ಕಲಿಸುವಾಗ ನಾನೂ ಹೇಳಿದ್ದೆ. ಎರಡು ವರ್ಷದ ಹಿಂದೆ ಬೆಳವಣಕಿ ರಸ್ತೆಯಲ್ಲಿ ಅಡ್ಡ ಬಂದ ಟ್ರ್ಯಾಕ್ಟರಿಗೆ ಗುದ್ದಿ ಅವನು ತೀರಿಕೊಂಡ. ಡಾಂಬರಿನ ಮೇಲೆ ಹಿಂದಿನ ಗಾಲಿ ಎಳೆದ ಉದ್ದನೆಯ ಕಪ್ಪು ಗೀರು ಇತ್ತು. ಬ್ರೇಕ್ ಹಾಕಿದರೂ ಗಾಡಿ ನಿಲ್ಲಲಿಲ್ಲ, ಹಣೆಬರಹ ಎಂದರು ಜನ. ನಾನೂ ನಂಬಿದ್ದೆ.

ನಮ್ಮೂರು ರೋಣಕ್ಕೆ ಮರಳಿದವನೇ ಹಿತ್ತಲಲ್ಲಿ ಬಿದ್ದಿರುವ ಅವನ ಗಾಡಿಯ ಹತ್ತಿರ ಹೋದೆ. ಮುಂದಿನ ಗಾಲಿ ಸೊಟ್ಟಗಾಗಿದೆ. ಮುಂದಿನ ಬ್ರೇಕಿನ ಹಿಡಿಕೆ ಮಾತ್ರ ಹೊಸದರಂತೆ ಇದೆ. ತಮ್ಮ ಎಂದೂ ನನ್ನ ಮಾತು ಮೀರಿದವನಲ್ಲ.