ಓನರ್ ಸಾಕಿದ ಪಿರಾನ

ಹೋದ ತಿಂಗಳು ಲ್ಯಾಬಿಗೆ ಬಂದಿದ್ದ ಒಂದು ಬಾಟಲಿಯ ಮುಚ್ಚಳ ತೆಗೆದೆ. ಯಾರದೋ ಮೀನಿನ ಹೊಂಡದ ನೀರು. ಕೊಳೆತ ಸಿಗಡಿಯೂ ಅಮೋನಿಯಾವೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ತುಮಕೂರಿನ ಮರಳೂರಿನಲ್ಲಿದ್ದ ನಮ್ಮ ಹಳೆಯ ಮನೆ ಓನರ್ ನೆನಪಾದರು. ನೆನಪಿಟ್ಟುಕೊಳ್ಳುವಂಥ ಮನುಷ್ಯರೇನಲ್ಲ...

ಆಗ ನಾನು ಅಲ್ಲೇ ಹತ್ತಿರದ ಸತ್ಯಮಂಗಲದ ಸಣ್ಣ ಕಾರ್ಖಾನೆಯೊಂದರಲ್ಲಿ ನೀರು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ್ದೆ. ಅವರ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದೆ. ಓನರ್‌ಗೆ ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ. ಅವರ ಮನೆಯಲ್ಲಿದ್ದದ್ದೆಲ್ಲ ಬಂದವರಿಗೆ ತೋರಿಸುವುದಕ್ಕೇ ಇತ್ತು. ಸೋಫಾದ ಪ್ಲಾಸ್ಟಿಕ್ ಕವರನ್ನು ನಾನಿದ್ದ ಮೂರು ವರ್ಷವೂ ಕಿತ್ತಿರಲಿಲ್ಲ. ಯಾರ ಮನೆಯಲ್ಲೋ ಗೋಲ್ಡ್ ಫಿಶ್ ನೋಡಿ ಬಂದವರು, ತಮ್ಮ ಅಂತಸ್ತಿಗೆ ಅದು ಸಾಲದು ಎಂದು ಬೆಂಗಳೂರಿನಿಂದ ಮಾಂಸ ಹರಿದು ತಿನ್ನುವುದಕ್ಕೆ ಹೆಸರಾದ ಪಿರಾನ ಮೀನಿನ ಹತ್ತು ಮರಿ ತರಿಸಿದರು. ಹಾಲ್‌ನ ನಡುವೆ ಐದಡಿಯ ಟ್ಯಾಂಕ್, ಮೇಲೆ ಮದುವೆ ಮಂಟಪದಷ್ಟು ಲೈಟು.

ಪಿರಾನ ಅಂಜುಬುರುಕ ಮೀನು. ಒಂಟಿಯಾದರೆ ಹೆದರುತ್ತದೆ, ಇಕ್ಕಟ್ಟಾದರೆ ಜೊತೆಯದನ್ನೇ ಕಚ್ಚುತ್ತದೆ. ಬೆಳಕು, ಗಲಾಟೆ ಆಗದು. ಇದನ್ನೆಲ್ಲ ಓದಿ ತಿಳಿದು ಓನರ್‌ಗೆ ಹೇಳಿದೆ. ನಲ್ಲಿಯ ಮೂತಿಗೆಲ್ಲ ಬಿಳಿ ಪೊರೆ ಕಟ್ಟಿಸುವ ಈ ಬೋರ್‌ವೆಲ್ ನೀರು ಬಲು ಗಡುಸು, ಅವಕ್ಕೆ ಮೆದು ನೀರು ಬೇಕು ಎಂದೂ ಹೇಳಿದೆ. ಅವರು ಹಲ್ಲು ಚುಚ್ಚಿಕೊಳ್ಳುತ್ತಾ ಕೇಳಿಸಿಕೊಂಡರು. "ಬುಡಿ ಸಾರ್, ನಾವೇ ಅದೇ ನೀರ್ ಕುಡ್ದು ಬೆಳ್ದಿದೀವಿ. ಮೀನಿಗೇನು ದೊಡ್ಡ ರೋಗ?"

ಭಾನುವಾರ ನೆಂಟರನ್ನೋ ವ್ಯಾಪಾರದ ಸ್ನೇಹಿತರನ್ನೋ ಕೂರಿಸಿಕೊಂಡು ಕೋಳಿ ತುಂಡು ಎಸೆಯುತ್ತಿದ್ದರು. ಮೀನುಗಳು ಮರದ ತುಂಡಿನ ಹಿಂದೆ ಮುದುರಿಕೊಳ್ಳುತ್ತಿದ್ದವು. ಓನರ್ ಗಾಜು ಬಡಿಯುತ್ತಿದ್ದರು. ಬಂದವರು ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ತುಂಡು ಅಲ್ಲೇ ಕೊಳೆಯುತ್ತಿತ್ತು. ಆರು ತಿಂಗಳಲ್ಲಿ ಹತ್ತರಲ್ಲಿ ಆರು ಉಳಿದವು. ಸತ್ತ ನಾಲ್ಕನ್ನೂ ಓನರ್ ತಮ್ಮ ಮೀನಿನ ಶೌರ್ಯದ ಲೆಕ್ಕಕ್ಕೇ ಸೇರಿಸಿದರು.

ಒಂದು ಮಧ್ಯಾಹ್ನ ಓನರ್ ಹೆಂಡತಿ ಮಹಡಿ ಹತ್ತಿ ಬಂದರು. ಕುಣಿಗಲ್ ಕಡೆಯವರು. ನಾನು ಅಕ್ಕ ಎನ್ನುತ್ತಿದ್ದೆ. ಕೈಯಲ್ಲಿ ಮಕ್ಕಳ ಹಳೆಯ ನೋಟ್‌ಬುಕ್ಕಿತ್ತು. ಓನರ್‌ಗೆ ಹೇಳಿದ್ದನ್ನೇ ನನ್ನಿಂದ ಮತ್ತೆ ಹೇಳಿಸಿದರು. ಹೇಳಿದ್ದನ್ನೆಲ್ಲ ಬರೆದುಕೊಂಡರು.

ಅಂದಿನಿಂದ ಓನರ್ ಗುಬ್ಬಿಗೆ ಹೋದ ಹೊತ್ತಿನಲ್ಲಿ ಕೆಳಗಿನ ಟ್ಯಾಂಕಿನ ನೀರು ಬದಲಾಗತೊಡಗಿತು. ಅಕ್ಕ ನಾನು ಹೇಳಿದಂತೆ ತಾರಸಿಯ ಮೇಲೆ ಒಂದು ಡ್ರಮ್ಮಿನಲ್ಲಿ ಮಳೆನೀರು ಹಿಡಿದು, ಒಣಗಿದ ಬಾದಾಮಿ ಎಲೆ ನೆನೆಹಾಕಿದರು. ವಾರಕ್ಕೊಮ್ಮೆ ಟ್ಯಾಂಕಿನ ಕಾಲು ಭಾಗ ನೀರು ತೆಗೆದು ಅದನ್ನು ತುಂಬುತ್ತಿದ್ದರು. ಮಿಕ್ಕ ತುಂಡನ್ನು ಕೂಡಲೇ ತೆಗೆಯುತ್ತಿದ್ದರು. ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗಿತು. ಕಿತ್ತುಹೋಗಿದ್ದ ಈಜುರೆಕ್ಕೆಗಳು ಮತ್ತೆ ಬೆಳೆದವು, ಹೊಟ್ಟೆ ಕೆಂಪೇರಿತು. ಓನರ್ ಎಲ್ಲರಿಗೂ ತಮ್ಮ ಕೈಗುಣ ಎಂದರು.

ಅಕ್ಕ ತವರಿಗೆ ಹೋಗಿದ್ದಾಗ ಗುಬ್ಬಿಯಿಂದ ದೊಡ್ಡ ವ್ಯಾಪಾರಿಗಳು ಊಟಕ್ಕೆ ಬರುವವರಿದ್ದರು. ಕಂದು ನೀರು ಕೊಳಕಾಗಿ ಕಾಣುತ್ತದೆಂದು ಓನರ್ ಬೆಳಿಗ್ಗೆಯೇ ಅಷ್ಟನ್ನೂ ಚರಂಡಿಗೆ ಬಿಟ್ಟು, ಅಂದು ಬಿಟ್ಟಿದ್ದ ಮುನಿಸಿಪಾಲಿಟಿಯ ಕ್ಲೋರಿನ್ ನೀರನ್ನೇ ತುಂಬಿದರು. ಟ್ಯಾಂಕು ಕನ್ನಡಿಯಂತಾಯಿತು. ನನ್ನನ್ನೂ ಊಟಕ್ಕೆ ಕರೆದರು. ಲ್ಯಾಬಿನವನೊಬ್ಬ ಪಕ್ಕದಲ್ಲಿದ್ದರೆ ಅದೂ ಒಂದು ಶೋಭೆ. ನಾನು ಹೋದಾಗ ಆರೂ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು.

"ಹಸಿವು ನೋಡಿ, ಹೆಂಗ್ ಬಾಯ್ ಬಿಡ್ತಾವೆ" ಎಂದರು ಓನರ್.

ಅವು ಸಾಯುತ್ತಿವೆ ಎಂದೆ. ಯಾರೋ ನಕ್ಕರು.

ಅಷ್ಟರಲ್ಲಿ ಅಕ್ಕ ಬಸ್ಸಿಳಿದು ಬಂದರು. ಟ್ಯಾಂಕ್ ನೋಡಿದರು. ಬ್ಯಾಗನ್ನು ಬಾಗಿಲಲ್ಲೇ ಇಟ್ಟು, ಬಳೆ ಹಿಂದಕ್ಕೆ ಸರಿಸಿ, ಮೊಳಕೈವರೆಗೂ ನೀರಿಗೆ ಕೈ ಹಾಕಿದರು. ಹಾಲ್‌ನಲ್ಲಿದ್ದವರೆಲ್ಲ ಎದ್ದು ನಿಂತರು. ಓನರ್ ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ಕಂಡೆ. ಅಂಗೈ ತುಂಬುವಷ್ಟಿದ್ದ ಮೀನುಗಳನ್ನು ಅಕ್ಕ ಒಂದೊಂದಾಗಿ ಎತ್ತಿ ಬಕೆಟ್ಟಿಗೆ ಬಿಟ್ಟರು. ಒಂದೂ ಕಚ್ಚಲಿಲ್ಲ. ನನ್ನ ಕಡೆ ತಿರುಗಿ, "ಡ್ರಮ್ಮಿನ್ ನೀರ್ ತರ್ತೀರಾ?" ಎಂದರು. ನಾನು ತಾರಸಿಗೆ ಓಡಿದೆ.

ಎರಡು ಬದುಕಿದವು.

ಮುಂದಿನ ಭಾನುವಾರ ಓನರ್ ಬಂದವರಿಗೆ ಹೇಳುತ್ತಿದ್ದರು, ಮನೆ ಹೆಂಗಸರು ಕೈ ಹಾಕಿದರೂ ಕಚ್ಚದ ಹಾಗೆ ನಾನು ಪಳಗಿಸಿದ್ದೇನೆ ಎಂದು. ಅದನ್ನು ಮೆಟ್ಟಿಲಲ್ಲಿ ನಿಂತು ಕೇಳಿಸಿಕೊಂಡೆ. ಅವತ್ತೇ ಬೇರೆ ಮನೆ ಹುಡುಕಲು ಶುರು ಮಾಡಿದೆ. ಖಾಲಿ ಮಾಡುವ ದಿನ ಅಕ್ಕ ಒಂದೇ ಮಾತು ಕೇಳಿದರು. "ಎರಡೇ ಇದ್ರೆ ಒಂದು ಇನ್ನೊಂದನ್ನ ತಿಂದಾಕುತ್ತಂತಲ್ಲ, ಏನ್ ಮಾಡ್ಲಿ?" ನಡುವೆ ಗಾಜು ಹಾಕಿಸಿ ಎಂದೆ. ಸಾಮಾನಿನ ಆಟೋ ಹಾರನ್ ಹೊಡೆಯುತ್ತಿತ್ತು. ಓಡಿಹೋಗಿ ಹತ್ತಿ ಕೂತೆ...

ಆಮೇಲೆ ಎಷ್ಟೋ ವರ್ಷ ಸ್ನೇಹಿತರ ನಡುವೆ ಓನರ್ ಕಥೆ ಹೇಳಿ ನಗಿಸಿದ್ದೇನೆ. ಅವರು ಹಲ್ಲು ಚುಚ್ಚಿಕೊಳ್ಳುವುದು, ಗಾಜು ಬಡಿಯುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ.

ಮೊನ್ನೆ ಗುಬ್ಬಿಯ ಛತ್ರವೊಂದರಲ್ಲಿ ಮದುವೆ ಊಟಕ್ಕೆ ಕೂತಾಗ ಎದುರು ಸಾಲಿನಲ್ಲಿ ಅದೇ ದನಿ. ತಲೆ ಪೂರಾ ಬೆಳ್ಳಗಾಗಿತ್ತು. ಪಕ್ಕದವನಿಗೆ ಹೇಳುತ್ತಿದ್ದರು, "ಆರು ಪಿರಾನ ಇರೋ ಟ್ಯಾಂಕೊಳಕ್ಕೆ ನಾನೇ ಕೈ ಹಾಕಿದ್ದೆ ಕಣಯ್ಯ." ನನ್ನನ್ನು ಕಂಡದ್ದೇ, ಸಾಕ್ಷಿ ಸಿಕ್ಕಂತೆ, ಬೇಕಾದರೆ ಇವರನ್ನು ಕೇಳು ಎಂದರು.

ಅಕ್ಕ ಬಂದಿಲ್ಲವೇ ಎಂದು ಕೇಳಿದೆ.

"ತೀರ್ಹೋದ್ಲು. ಎರಡ್ ವರ್ಷ ಆಯ್ತು" ಎಂದರು. ಎಲೆಗೆ ಬಿದ್ದ ಪಾಯಸವನ್ನು ಕೈಯಿಂದ ಒಟ್ಟು ಮಾಡಿಕೊಂಡು, ಮತ್ತೆ ಪಕ್ಕದವನ ಕಡೆ ತಿರುಗಿದರು.

ಕೈ ಹಾಕಿದ್ದು ಇವರಲ್ಲ ಎಂದು ಆ ಪಂಕ್ತಿಯಲ್ಲೇ ಹೇಳಿಬಿಡಬಹುದಿತ್ತು. ಎಲೆ ಮಡಚಿ ಎದ್ದೆ. ಬಸ್ಸಿನಲ್ಲಿ ತುಮಕೂರಿಗೆ ಬರುವಾಗ ಅಕ್ಕನ ದನಿಯನ್ನು ನೆನಪಿಸಿಕೊಳ್ಳಲು ನೋಡಿದೆ. ಓನರ್ ಆಡಿದ ಪೆದ್ದು ಮಾತುಗಳು ಸಾಲಾಗಿ ಬಂದವು, ಒಂದೂ ತಪ್ಪದೆ. ಅಕ್ಕನದು ಡ್ರಮ್ಮಿನ ನೀರಿನದೊಂದು, ಉಳಿದ ಎರಡು ಮೀನಿನದೊಂದು, ಈ ಎರಡು ಮಾತು ಬಿಟ್ಟರೆ ಬೇರೇನೂ ಉಳಿದಿಲ್ಲ.